ನಿಂತ ಜಾಗ ಯಾರದು?

ಬಾಸ್ಕೆಟ್‌ಬಾಲ್ ರೆಫರಿಗೆ ಅತಿ ಹೆಚ್ಚು ಬೈಗುಳ ತರುವ ತೀರ್ಪೆಂದರೆ ಬ್ಲಾಕಿಂಗ್–ಚಾರ್ಜಿಂಗ್‌ನದು. ಚೆಂಡು ಹಿಡಿದವನು ಬಾಸ್ಕೆಟ್ ಕಡೆ ನುಗ್ಗುತ್ತಾನೆ, ಎದುರಿದ್ದವನಿಗೆ ಡಿಕ್ಕಿ ಹೊಡೆಯುತ್ತಾನೆ, ಇಬ್ಬರೂ ನೆಲಕ್ಕೆ. ಎರಡೂ ಬೆಂಚುಗಳು ಎದ್ದು ನಿಲ್ಲುತ್ತವೆ. ತಪ್ಪು ಎದುರಿದ್ದವನದು, ಬ್ಲಾಕ್ ಎಂದು ಕೈಗಳನ್ನು ಸೊಂಟದ ಮೇಲಿಡಬೇಕೋ, ನುಗ್ಗಿದವನದು, ಚಾರ್ಜ್ ಎಂದು ಮುಷ್ಟಿಯನ್ನು ಅಂಗೈಗೆ ಬಡಿಯಬೇಕೋ, ಆಗಲೇ ತೀರ್ಮಾನಿಸಬೇಕು.

"ಸರ್, ಅವನು ನಿಂತೇ ಇರಲಿಲ್ಲ ಸರ್, ಮೂವ್ ಆಗ್ತಾ ಇದ್ದ!" ಕಾಲೇಜು ಟೂರ್ನಿಗಳಲ್ಲಿ ಕೋಚ್‌ಗಳು ಪದೇ ಪದೇ ಕೂಗುವ ಮಾತಿದು. ಅಲುಗಾಡಬಾರದು ಎಂದು ನಿಯಮ ಎಲ್ಲಿಯೂ ಹೇಳಿಲ್ಲ. ಎದುರಾಳಿಗೆ ಮುಖ ಮಾಡಿ, ಎರಡೂ ಪಾದ ನೆಲಕ್ಕೂರಿ ಜಾಗ ಹಿಡಿದನೇ ಎಂಬುದಷ್ಟೇ ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದ ಪ್ರಶ್ನೆ. ಹಿಡಿದ ಮೇಲೆ ಡಿಫೆಂಡರ್ ಹಿಂದೆ ಸರಿಯಬಹುದು, ಪಕ್ಕಕ್ಕೆ ಜರುಗಬಹುದು, ನೆಟ್ಟಗೆ ಮೇಲಕ್ಕೆ ಹಾರಲೂಬಹುದು. ಚೆಂಡಿಲ್ಲದ ಆಟಗಾರನಿಗೆ ನಿಲ್ಲಲು, ತಿರುಗಲು ಒಂದೆರಡು ಹೆಜ್ಜೆಯ ಜಾಗ ಬಿಡಬೇಕು. ಚೆಂಡಿದ್ದವನಿಗೆ ಆ ರಿಯಾಯಿತಿಯೂ ಇಲ್ಲ. ಹೀಗೆ ಜಾಗ ಹಿಡಿದವನ ಮುಂಡಕ್ಕೇ ಡಿಕ್ಕಿಯಾದರೆ ಜಾಗ ಅವನದು.

ಇದನ್ನು ಕಾಣಬೇಕಾದರೆ ಡ್ರೈವ್ ಶುರುವಾದೊಡನೆ ಕಣ್ಣು ಚೆಂಡನ್ನು ಬಿಟ್ಟು ಡಿಫೆಂಡರ್ ಮೇಲೆ ನೆಡಬೇಕು. ಹುಡುಗಿಯರ ಅಂತರ ಕಾಲೇಜು ಪಂದ್ಯವೊಂದರಲ್ಲಿ ನಾನು ಎಂಡ್‌ಲೈನ್ ಬಳಿ ನಿಂತಿದ್ದೆ. ಸಿಮೆಂಟ್ ಕೋರ್ಟು, ಮೇಲೆ ತೆಳ್ಳನೆಯ ಧೂಳು. ಸಣಕಲು ಹುಡುಗಿಯೊಬ್ಬಳು ಆಚೆ ಕಡೆಯಿಂದ ಸಹಾಯಕ್ಕೆ ಓಡಿ ಬಂದಳು. ಎಡ ಪಾದ ಊರಿತು, ಬಲ ಪಾದ ಕಿರ್ರೆಂದು ಜಾರಿ ನಿಂತಿತು. ನುಗ್ಗಿ ಬರುತ್ತಿದ್ದವಳ ಕಾಲು ಇನ್ನೂ ನೆಲದ ಮೇಲಿತ್ತು, ಚೆಂಡು ಕೈಯಲ್ಲಿತ್ತು. ಆಮೇಲೆ ಡಿಕ್ಕಿ. ಚೆಂಡು ಬಾಸ್ಕೆಟ್ ಒಳಗೂ ಬಿತ್ತು, ಜನ ಕೂಗಿದರು. ನಾನು ಚಾರ್ಜ್ ಕೊಟ್ಟೆ. ಆ ಎರಡು ಅಂಕ ಲೆಕ್ಕಕ್ಕೆ ಬರಲಿಲ್ಲ.

"ಅನುಮಾನವಿದ್ದರೆ ಬ್ಲಾಕ್ ಕೊಟ್ಟುಬಿಡು, ಗಲಾಟೆ ಕಡಿಮೆ" ಎನ್ನುವ ಹಿರಿಯರಿದ್ದಾರೆ. ಈ ಬುದ್ಧಿಮಾತನ್ನು ನಾನು ಒಪ್ಪುವುದಿಲ್ಲ. ಐದನೇ ಫೌಲಿಗೆ ಆಟಗಾರ ಹೊರಗೆ ಹೋಗುತ್ತಾನೆ. ಓಡಿ ಬಂದು ಸರಿಯಾಗಿ ಕಾಲೂರಿದವಳಿಗೆ ಮತ್ತೆ ಮತ್ತೆ ಫೌಲ್ ಬಿದ್ದರೆ, ಮುಂದಿನ ಸಲ ಅವಳು ಕೈ ಬೀಸಿ ಸುಮ್ಮನಾಗುತ್ತಾಳೆ. ಡಿಫೆನ್ಸ್ ಕಲಿಯುವ ವಯಸ್ಸಿನ ಮಕ್ಕಳ ಶ್ರಮವನ್ನು ನಮ್ಮ ಅನುಕೂಲಕ್ಕೆ ಬಲಿ ಕೊಡುವುದು ಅನ್ಯಾಯ. ಹಾಗೆಂದು ದೊಪ್ಪನೆ ಬಿದ್ದವರಿಗೆಲ್ಲ ಚಾರ್ಜ್ ಕೊಡಲೂ ಆಗದು. ಬಿದ್ದ ಸದ್ದು ಸಾಕ್ಷಿಯಲ್ಲ.

ನುಗ್ಗಿದವನು ಗಾಳಿಯಲ್ಲಿರುವಾಗ ಮಾತ್ರ ನಾನು ಕಟ್ಟುನಿಟ್ಟು. ಅವನು ಹಾರಿದ ಮೇಲೆ ಅವನ ದಾರಿಗೆ ಯಾರೂ ನುಸುಳುವಂತಿಲ್ಲ; ಇಲ್ಲಿ ಮೊಣಕಾಲು, ಹಿಮ್ಮಡಿಗಳ ಪ್ರಶ್ನೆಯಿದೆ. ಬಾಸ್ಕೆಟ್ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತ ಇರುವುದೂ ಇದಕ್ಕಾಗಿಯೇ: ಅದರೊಳಗೆ ನಿಂತು, ಹಾರಿ ಬಂದವನಿಂದ ಚಾರ್ಜ್ ಗಿಟ್ಟಿಸುವಂತಿಲ್ಲ. ಎಷ್ಟೋ ಕೋರ್ಟುಗಳಲ್ಲಿ ಈ ಗೆರೆಯೇ ಇರುವುದಿಲ್ಲ. ಪಂದ್ಯಕ್ಕೆ ಮುಂಚೆ ಟೇಪ್ ಹಿಡಿದು ಸುಣ್ಣದಲ್ಲಾದರೂ ಎಳೆಸುತ್ತೇನೆ.

2018ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ, 36.4 ಸೆಕೆಂಡು ಉಳಿದಿದ್ದಾಗ, ಲೆಬ್ರಾನ್ ಜೇಮ್ಸ್‌ಗೆ ಕೆವಿನ್ ಡ್ಯುರಾಂಟ್ ಡಿಕ್ಕಿ ಹೊಡೆದಾಗ ಮೊದಲು ಕೊಟ್ಟ ಚಾರ್ಜ್, ವಿಡಿಯೊ ನೋಡಿದ ಮೇಲೆ ಬ್ಲಾಕ್ ಆಯಿತು. ನಮ್ಮ ಕೋರ್ಟುಗಳಲ್ಲಿ ವಿಡಿಯೊ ಇಲ್ಲ. ಇರುವುದು ಜೊತೆಗಾರ ರೆಫರಿಯ ಕಣ್ಣು. ಇಬ್ಬರೂ ಒಟ್ಟಿಗೆ ಸೀಟಿ ಊದಿ, ಒಬ್ಬರು ಬ್ಲಾಕ್, ಇನ್ನೊಬ್ಬರು ಚಾರ್ಜ್ ತೋರಿಸಿಬಿಟ್ಟರೆ ಪಂದ್ಯ ಕೈತಪ್ಪಿದಂತೆ. ಅದಕ್ಕೇ ಆಟಕ್ಕಿಳಿಯುವ ಮುಂಚೆ ಮಾತಾಡಿಕೊಳ್ಳುತ್ತೇವೆ: ಸೀಟಿಯ ಜೊತೆ ಮುಷ್ಟಿ ಮಾತ್ರ ಮೇಲೇಳಬೇಕು. ಒಬ್ಬರನ್ನೊಬ್ಬರು ನೋಡಬೇಕು. ಆಚೆ ಕಡೆಯಿಂದ ಸಹಾಯಕ್ಕೆ ಬಂದ ಡಿಫೆಂಡರ್ ಆದರೆ ಎಂಡ್‌ಲೈನ್‌ನಲ್ಲಿರುವವರ ತೀರ್ಪು, ಇನ್ನೊಬ್ಬರು ಕೈ ಇಳಿಸಬೇಕು.