ಒಮ್ಮೆಗೆ ಒಂದೇ ಬದಲಾವಣೆ: ಮುಚ್ಚಿಹೋಗುವ ತಂತ್ರಾಂಶದಿಂದ ಕಲಿತ ವಿಜ್ಞಾನ ಪಾಠ

ತರಗತಿ: 9 | ವಿಷಯ: ವಿಜ್ಞಾನ | ಅವಧಿ: 40 ನಿಮಿಷಗಳ 3 ಪಾಠ
ಕಲಿಕಾಂಶ: ಪ್ರಯೋಗದಲ್ಲಿ ಚರಾಂಶಗಳ ನಿಯಂತ್ರಣ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನದ ಫ್ಲೆಕ್ಸ್ ಬ್ಯಾನರ್ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ತಮ್ಮ ಸಂಶೋಧನೆಯನ್ನು ಪ್ರಕಟಿಸಿದ ನೆನಪಿನ ದಿನ ಅದು. ಆದ್ದರಿಂದ ಬ್ಯಾನರಿಗೆ ಮೂರು ಪದರ ಇಟ್ಟುಕೊಂಡೆ: ಹಿಂದೆ ಬೆಳಕಿನ ರೋಹಿತ, ಅದರ ಮೇಲೆ ರಾಮನ್ ಅವರ ಚಿತ್ರ, ಎಲ್ಲಕ್ಕಿಂತ ಮೇಲೆ ಅಕ್ಷರಗಳು. ಅಳತೆ 6 ಅಡಿ × 4 ಅಡಿ.

ಮನೆಯಲ್ಲಿರುವುದು 4 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್. ಉಚಿತವಾಗಿ ಸಿಗುವ ಫೋಟೊ ತಿದ್ದುವ ತಂತ್ರಾಂಶವೊಂದರಲ್ಲಿ ಕೆಲಸ ಶುರುಮಾಡಿದೆ. ಮೂರನೆಯ ಪದರ ಸೇರಿಸಿ, ಹಿಂಬದಿಯನ್ನು ಸ್ವಲ್ಪ ಮಸುಕುಮಾಡಲು ಹೊರಟರೆ ತಂತ್ರಾಂಶ ತಾನಾಗಿ ಮುಚ್ಚಿಹೋಯಿತು. ಉಳಿಸದ ಕೆಲಸವೆಲ್ಲ ಹೋಯಿತು. ಮತ್ತೆ ಮಾಡಿದೆ, ಮತ್ತೆ ಮುಚ್ಚಿತು. ಸಿಟ್ಟು ಬಂದು ಒಂದೇ ಸಂಜೆ ತಂತ್ರಾಂಶ ತೆಗೆದು ಮರಳಿ ಹಾಕಿದೆ, ಗ್ರಾಫಿಕ್ಸ್ ಡ್ರೈವರ್ ಹೊಸದು ಮಾಡಿದೆ, ಬೇಡದ ಕಡತಗಳನ್ನು ಅಳಿಸಿದೆ. ಬಳಿಕ ಬ್ಯಾನರಿನ ಮೊದಲ ಪದರ ತೆರೆದು ಮಸುಕುಮಾಡಿ ನೋಡಿದೆ. ಸರಿಯಾಗಿ ನಡೆಯಿತು. ಗೆದ್ದೆ ಅಂದುಕೊಂಡೆ.

ಮೊದಲ ಪಾಠ: ಉತ್ತರವಿಲ್ಲದ ಪ್ರಶ್ನೆ

ಮರುದಿನ ನನಗೆ ವೈಜ್ಞಾನಿಕ ವಿಧಾನದ ಪಾಠವಿತ್ತು. ತೊಡಗಿಸಿಕೊಳ್ಳುವ ಹಂತಕ್ಕೆ ಈ ಕಥೆಯನ್ನೇ ಬಳಸಿದೆ. ಸಮಸ್ಯೆ ಬಂತು, ಮೂರು ಪರಿಹಾರ ಮಾಡಿದೆ, ಸರಿಹೋಯಿತು ಎಂದು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಬರೆದೆ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮೂರರಲ್ಲಿ ಯಾವುದರಿಂದ ಸರಿ ಆಯ್ತು ಮಿಸ್?" ಎಂದು ಕೇಳಿದ. "ಮೂರೂ ಸೇರಿ ಸರಿಹೋಗಿರಬಹುದು" ಎಂದು ಹೇಳಿ ಮುಂದಕ್ಕೆ ಹೋದೆ.

ಹಿಂದೆ ಕುಳಿತು ವೀಕ್ಷಿಸುತ್ತಿದ್ದ ನಮ್ಮ ಬೋಧನಾ ವಿಧಾನದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಹೀಗೆ ಬರೆದರು: "ಇಡೀ ಪಾಠದ ಒಳ್ಳೆಯ ಪ್ರಶ್ನೆ ವಿದ್ಯಾರ್ಥಿಯಿಂದ ಬಂತು. ಅದಕ್ಕೆ ಉತ್ತರ ಸಿಗಲಿಲ್ಲ."

ಅಂದು ಸಂಜೆ ಬ್ಯಾನರಿನ ಮೂರೂ ಪದರ ಸೇರಿಸಿ ಮಸುಕುಮಾಡಲು ಹೋದಾಗ ತಂತ್ರಾಂಶ ಮತ್ತೆ ಮುಚ್ಚಿತು. ಹಿಂದಿನ ದಿನ ಸರಿಹೋಗಿದ್ದೇಕೆ ಎಂದು ಕೂತು ಯೋಚಿಸಿದೆ. ಡ್ರೈವರ್ ಹಾಕಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿತ್ತು, ಬ್ರೌಸರ್ ಮುಚ್ಚಿತ್ತು, ನಾನು ತೆರೆದದ್ದು ಒಂದೇ ಪದರ. ಅಂದರೆ ನಾನು ಲೆಕ್ಕಕ್ಕೆ ಹಿಡಿದಿದ್ದು ಮೂರು ಬದಲಾವಣೆ, ನನಗೇ ತಿಳಿಯದೆ ಆಗಿದ್ದು ಇನ್ನೂ ಮೂರು.

ಎರಡನೆಯ ಪಾಠ: ಮಕ್ಕಳು ಹೇಳಿದ ಪ್ರಯೋಗಗಳು

ಮುಂದಿನ ಅವಧಿಯಲ್ಲಿ ಮೊದಲು ಆ ಹುಡುಗನಿಗೆ, "ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನೀವೇ ಕಂಡುಹಿಡಿಯಬೇಕು" ಎಂದೆ. ತರಗತಿಯಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಒಂದು ಒಪ್ಪಂದ ಮಾಡಿಕೊಂಡೆವು: ಯಾವ ಪ್ರಯೋಗ ಎಂದು ಮಕ್ಕಳು ಹೇಳುವುದು, ಸಂಜೆ ಮನೆಯಲ್ಲಿ ನಾನು ಮಾಡುವುದು, ಫಲಿತಾಂಶವನ್ನು ಮರುದಿನ ಚಾರ್ಟಿನಲ್ಲಿ ಬರೆಯುವುದು.

ಮೂರು ನಿಯಮಗಳನ್ನು ಚಾರ್ಟಿನ ತಲೆಯಲ್ಲಿ ಬರೆದೆವು. ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯ ಮೇಲೆ ಪ್ರಯೋಗ ಮಾಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಪ್ರತಿ ಪ್ರಯೋಗವನ್ನೂ ರೀಸ್ಟಾರ್ಟ್ ಮಾಡಿಯೇ ಆರಂಭಿಸಿ ಮೂರು ಸಲ ಮಾಡಬೇಕು.

ಐದು ಗುಂಪುಗಳು ಊಹೆಗಳನ್ನು ಕೊಟ್ಟವು: ವೈರಸ್, ತಂತ್ರಾಂಶದ ದೋಷ, ಕಂಪ್ಯೂಟರ್ ಬಿಸಿಯಾಗುವುದು, ಮೆಮೊರಿ ಸಾಲದಿರುವುದು, ಚಿತ್ರ ತೀರಾ ದೊಡ್ಡದಿರುವುದು. ಪ್ರತಿ ಗುಂಪಿಗೂ ನಾನು ಕೇಳಿದ್ದು ಒಂದೇ: "ನಿಮ್ಮ ಊಹೆ ತಪ್ಪಾಗಿದ್ದರೆ ನಮಗೆ ಏನು ಕಾಣಿಸಬೇಕು?" ಇದಕ್ಕೆ ಉತ್ತರ ಹುಡುಕುತ್ತ ಅವರೇ ಪ್ರಯೋಗಗಳನ್ನು ರೂಪಿಸಿದರು. ನಾಲ್ಕು ಸಂಜೆಗಳ ಫಲಿತಾಂಶ ಹೀಗಿತ್ತು:

1. ಬ್ಯಾನರ್ ಕಡತ, ಬ್ರೌಸರ್ ತೆರೆದಿದೆ, ಏನೂ ಬದಲಿಸಿಲ್ಲ: ಮೂರಕ್ಕೆ ಮೂರು ಸಲವೂ ಮುಚ್ಚಿತು.
2. ಚಿಕ್ಕ ಫೋಟೊ, ಮೂರು ಪದರ, ಅದೇ ಮಸುಕು: ಒಮ್ಮೆಯೂ ಮುಚ್ಚಲಿಲ್ಲ.
3. ಬ್ಯಾನರ್ ಕಡತ, ಬ್ರೌಸರ್ ಮುಚ್ಚಿದೆ: ಎರಡು ಸಲ ಮುಚ್ಚಿತು, ಒಂದು ಸಲ ತಡೆದುಕೊಂಡಿತು.
4. ಬ್ಯಾನರಿನ ಒಂದೇ ಪದರ, ಬ್ರೌಸರ್ ತೆರೆದಿದೆ: ಒಮ್ಮೆಯೂ ಮುಚ್ಚಲಿಲ್ಲ.

ಮೊದಲನೆಯ ಪ್ರಯೋಗವನ್ನು "ಏನೂ ಬದಲಿಸದೆ ಯಾಕೆ ಮಾಡಬೇಕು?" ಎಂದು ಹಲವರು ಕೇಳಿದರು. ತೊಂದರೆಯನ್ನು ಬೇಕೆಂದಾಗ ಮತ್ತೆ ತರಲು ಆಗದಿದ್ದರೆ ಅದು ಹೋಗಿದೆಯೋ ಇಲ್ಲವೋ ಹೇಳಲಾಗದು ಎಂಬುದನ್ನು ಚರ್ಚೆಯಲ್ಲಿ ಅವರೇ ಕಂಡುಕೊಂಡರು. ಎರಡನೆಯ ಪ್ರಯೋಗದಿಂದ ತಂತ್ರಾಂಶ, ಡ್ರೈವರ್ ಮತ್ತು ವೈರಸ್‌ಗಳ ಮೇಲಿನ ಅನುಮಾನ ಬಹಳ ಮಟ್ಟಿಗೆ ಕಡಿಮೆಯಾಯಿತು. ಪ್ರತಿ ಸಲವೂ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಗೆರೆಯನ್ನು ಗಮನಿಸಿದ್ದೆ. ಮುಚ್ಚುವ ಮೊದಲು ಆ ಗೆರೆ ಹೆಚ್ಚುಕಡಿಮೆ ತುದಿ ಮುಟ್ಟಿರುತ್ತಿತ್ತು.

ಮೂರನೆಯ ಪಾಠ: ಲೆಕ್ಕ

"ಕಡತ ಇರೋದು ಕೆಲವೇ ಎಂಬಿ ಅಲ್ವಾ ಮಿಸ್, 4 ಜಿಬಿ ಹೇಗೆ ತುಂಬುತ್ತೆ?" ಎಂಬ ಪ್ರಶ್ನೆಯಿಂದ ಪಾಠ ಶುರುವಾಯಿತು. ಫೋಟೊ ಡಿಸ್ಕಿನಲ್ಲಿ ಒತ್ತಿ ಮಡಿಸಿಟ್ಟ ಬಟ್ಟೆಯ ಹಾಗೆ ಇರುತ್ತದೆ. ತಿದ್ದಲು ತೆರೆದಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯ ಚಿತ್ರದಲ್ಲಿ ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು 4 ಬೈಟ್ ಬೇಕು.

ನಾನು ಬ್ಯಾನರನ್ನು ಇಂಚಿಗೆ 300 ಚುಕ್ಕೆಯಂತೆ ಇಟ್ಟಿದ್ದೆ. 6 ಅಡಿ ಅಂದರೆ 72 ಇಂಚು, 4 ಅಡಿ ಅಂದರೆ 48 ಇಂಚು. ಮಕ್ಕಳು ಗುಣಿಸಿದರು: 21,600 × 14,400, ಅಂದರೆ 31 ಕೋಟಿಗೂ ಹೆಚ್ಚು ಚುಕ್ಕೆ. ಪ್ರತಿ ಚುಕ್ಕೆಗೆ 4 ಬೈಟ್ ಎಂದರೆ ಒಂದು ಪದರಕ್ಕೆ ಸುಮಾರು 124 ಕೋಟಿ ಬೈಟ್, ಮೂರು ಪದರಕ್ಕೆ 373 ಕೋಟಿ. 4 ಜಿಬಿ ರ‍್ಯಾಮ್ ಎಂದರೆ ಸುಮಾರು 429 ಕೋಟಿ ಬೈಟ್. ಅದರಲ್ಲಿ ವಿಂಡೋಸ್, ಬ್ರೌಸರ್ ಮತ್ತು ಹಿಂದಿನ ಹೆಜ್ಜೆಗೆ ಮರಳಲು ತಂತ್ರಾಂಶ ಇಟ್ಟುಕೊಳ್ಳುವ ಪ್ರತಿಗಳಿಗೂ ಜಾಗ ಬೇಕು. ರ‍್ಯಾಮ್ ಸಾಲದಾಗ ಕಂಪ್ಯೂಟರ್ ಡಿಸ್ಕಿನ ಜಾಗವನ್ನು ಬಳಸುತ್ತದೆ. ನನ್ನ ಸಿ ಡ್ರೈವ್ ಹೆಚ್ಚುಕಡಿಮೆ ಭರ್ತಿಯಾಗಿತ್ತು. ಎಲ್ಲಿಯೂ ಜಾಗ ಸಿಗದೆ ತಂತ್ರಾಂಶ ಮುಚ್ಚುತ್ತಿತ್ತು.

ಫ್ಲೆಕ್ಸ್ ಬ್ಯಾನರನ್ನು ನೋಡುವುದು ದೂರದಿಂದ. ಅದಕ್ಕೆ ಇಂಚಿಗೆ 72 ಚುಕ್ಕೆ ಸಾಕಾಗುತ್ತದೆ. ಹಾಗೆ ಬದಲಿಸಿದರೆ 5,184 × 3,456, ಸುಮಾರು 1.8 ಕೋಟಿ ಚುಕ್ಕೆ. ಒಂದು ಪದರಕ್ಕೆ ಬೇಕಾದ್ದು 7 ಕೋಟಿ ಬೈಟ್ ಚಿಲ್ಲರೆ. ಉದ್ದದಲ್ಲಿ ನಾಲ್ಕು ಪಟ್ಟು ಚಿಲ್ಲರೆ ಇಳಿಸಿದರೆ ಮೆಮೊರಿ 17 ಪಟ್ಟು ಇಳಿಯಿತು. ವರ್ಗದ ಲೆಕ್ಕ ಗಣಿತದ ಪಾಠದಲ್ಲಿ ಓದಿದ್ದ ಮಕ್ಕಳಿಗೆ ಇದು ಹೊಸದಾಗಿ ಕಂಡಿತು. ಅಂದು ಸಂಜೆ ಇದೊಂದನ್ನೇ ಬದಲಿಸಿ ಐದನೆಯ ಪ್ರಯೋಗ ಮಾಡಿದೆ. ಬ್ರೌಸರ್ ತೆರೆದಿದ್ದರೂ ಮೂರು ಸಲದಲ್ಲಿ ಒಮ್ಮೆಯೂ ಮುಚ್ಚಲಿಲ್ಲ. ತಪ್ಪು ತಂತ್ರಾಂಶದ್ದಲ್ಲ, ನಾನು ಕೊಟ್ಟ ಅಳತೆಯದು.

ಒಂದು ಹೊಸ ಕಲಂ

ಎರಡನೆಯ ಪಾಠದ ಕೊನೆಯಲ್ಲಿ ಹುಡುಗಿಯೊಬ್ಬಳು ನನ್ನ ಬಳಿ ಬಂದು, "ನಮ್ಮನೇಲೂ ಹಿಂಗೇ ಆಗುತ್ತೆ ಮಿಸ್. ನಾನು ಮುಟ್ಟಿದ್ರೇನೇ ಹಾಳಾಗೋದು ಅಂತ ಅಣ್ಣ ಕಂಪ್ಯೂಟರ್ ಹತ್ರ ಬಿಡಲ್ಲ" ಎಂದಳು. ಸಮಾಧಾನದ ಮಾತಿಗಿಂತ ಪ್ರಯೋಗವೇ ಮೇಲೆನಿಸಿತು. "ನಿನ್ನ ಪಟ್ಟಿಗೆ 'ಕೂತವರು ಯಾರು' ಅಂತ ಒಂದು ಕಲಂ ಸೇರಿಸು. ಫೋಟೊ ಅದೇ, ಕೆಲಸ ಅದೇ, ಕೂರುವವರು ಮಾತ್ರ ಬೇರೆ. ಒಮ್ಮೆ ಅಣ್ಣ, ಒಮ್ಮೆ ನೀನು, ಸರದಿಯಂತೆ" ಎಂದೆ. ಒಬ್ಬರೇ ಮೊದಲು ಮೂರು ಸಲ ಕೂತರೆ, ಆಮೇಲೆ ಕೂತವರ ಪಾಲಿಗೆ ಕಂಪ್ಯೂಟರ್ ಹೊತ್ತು ಕಳೆದು ಬಿಸಿಯಾಗಿರುತ್ತದೆ ಎಂದು ಸರದಿಯ ಕಾರಣವನ್ನೂ ಹೇಳಿದೆ.

ವಾರದ ನಂತರ ಅವಳು ನೋಟ್‌ಪುಸ್ತಕ ತಂದಳು. ಅಣ್ಣ ಕೂತಾಗ ಮೂರರಲ್ಲಿ ಎರಡು ಸಲ ಮುಚ್ಚಿತ್ತು, ಅವಳು ಕೂತಾಗಲೂ ಮೂರರಲ್ಲಿ ಎರಡು ಸಲ. ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿ ಮಾಡಿದಾಗ ಇಬ್ಬರಿಗೂ ಮುಚ್ಚಿರಲಿಲ್ಲ. ಪುಟದ ಕೆಳಗೆ ಅಣ್ಣನ ಸಹಿ ಹಾಕಿಸಿಕೊಂಡು ಬಂದಿದ್ದಳು. "ಈಗ ಸಂಜೆ ಅರ್ಧ ಗಂಟೆ ನಂದು ಮಿಸ್" ಎಂದಳು.

ಚರಾಂಶ ನಿಯಂತ್ರಣ ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಎಂದೇ ನಾನು ತಿಳಿದಿದ್ದೆ. ಒಬ್ಬರ ಮೇಲೆ ಸುಮ್ಮನೆ ಹೊರಿಸಿದ ತಪ್ಪನ್ನು ಇಳಿಸಲೂ ಅದು ಬೇಕಾಗುತ್ತದೆ ಎಂದು ಆ ಪುಟ ನೋಡಿದಾಗ ತಿಳಿಯಿತು.

ಮೌಲ್ಯಮಾಪನ ಮತ್ತು ಆತ್ಮಾವಲೋಕನ

ಮೌಲ್ಯಮಾಪನಕ್ಕೆ "ಹೊಲದ ಪಂಪ್‌ಸೆಟ್ ಸ್ಟಾರ್ಟ್ ಆಗುತ್ತಿಲ್ಲ, ಕಾರಣ ಹೇಗೆ ಹುಡುಕುವಿರಿ?" ಎಂಬ ಪ್ರಶ್ನೆ ಕೊಟ್ಟೆ. ಕರೆಂಟ್, ಫ್ಯೂಸ್, ಸ್ಟಾರ್ಟರ್, ಮೋಟಾರ್ ಎಂದು ಹೆಚ್ಚಿನವರು ಒಂದೊಂದಾಗಿ ಬರೆದರು. ಆದರೆ ಹಲವರು ಪ್ರತಿ ಹಂತದಲ್ಲಿ ಕಂಡದ್ದನ್ನು ಬರೆದಿಡಬೇಕೆಂದು ಹೇಳಲಿಲ್ಲ. ದಾಖಲೆಯ ಅಗತ್ಯವನ್ನು ನಾನು ಸಾಕಷ್ಟು ಒತ್ತಿ ಹೇಳಿರಲಿಲ್ಲ.

ಕೋಟಿಗಳ ಗುಣಾಕಾರಕ್ಕೆ ಮೂರನೆಯ ಪಾಠದ ಅರ್ಧ ಹೊತ್ತು ಹೋಯಿತು. ಮುಂದಿನ ಸಲ ಗ್ರಾಫ್ ಹಾಳೆಯಲ್ಲಿ ಬದಿಗೆ 2 ಚುಕ್ಕೆ ಇಟ್ಟರೆ ಒಟ್ಟು 4, ಬದಿಗೆ 4 ಇಟ್ಟರೆ ಒಟ್ಟು 16 ಎಂದು ಮೊದಲು ಎಣಿಸಿ ತೋರಿಸುತ್ತೇನೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಪಾಠಯೋಜನೆಯಲ್ಲಿ ನಾವು ಗೆದ್ದ ಉದಾಹರಣೆಗಳನ್ನೇ ಬರೆಯುತ್ತೇವೆ. ನನ್ನ ಗೆಲುವಿನ ಕಥೆ ಒಂದೇ ಪ್ರಶ್ನೆಗೆ ಮುಗಿದುಹೋಯಿತು. ಸೋತದ್ದನ್ನು ತರಗತಿಗೆ ತಂದ ಮೇಲೆ ಮಕ್ಕಳು ಎರಡು ಪಾಠದಷ್ಟು ಕೆಲಸ ಮಾಡಿದರು. ಬ್ಯಾನರ್ ಫೆಬ್ರವರಿ 28ಕ್ಕೆ ಸರಿಯಾಗಿ ಶಾಲೆಯ ಗೇಟಿನ ಮೇಲೆ ಏರಿತು. ಕೊನೆಯ ಬೆಂಚಿನ ಹುಡುಗ ಅದರ ಹತ್ತಿರಕ್ಕೆ ಹೋಗಿ ಚುಕ್ಕೆ ಕಾಣುತ್ತವೆಯೇ ಎಂದು ನೋಡಿದ, ಆಮೇಲೆ ಹತ್ತು ಹೆಜ್ಜೆ ಹಿಂದೆ ಬಂದು ಇನ್ನೊಮ್ಮೆ ನೋಡಿದ.