ಕರೆ ತಿರುಗಿಸುವ ಮೋಸ: ಕಚೇರಿಯ ದೂರವಾಣಿಗೆ ಬೇಕು ಕಾವಲು

ಕೊಯ್ಲಿನ ಕಾಲದಲ್ಲಿ ಸಂಘದ ಕಚೇರಿಯ ದೂರವಾಣಿಗೆ ಬಿಡುವೇ ಇರುವುದಿಲ್ಲ. ಧಾರಣೆ ಕೇಳುವವರು, ಲಾರಿ ವಿಚಾರಿಸುವವರು, ಗೊಬ್ಬರದ ದಾಸ್ತಾನು ತಿಳಿಯಬಯಸುವವರು, ಹೀಗೆ ಒಂದರ ಹಿಂದೊಂದು ಕರೆ. ಈ ಗಡಿಬಿಡಿಯೇ ಮೋಸಗಾರರಿಗೆ ಅನುಕೂಲ. ಅವರು ಬಳಸುವ ಎರಡು ಉಪಾಯಗಳನ್ನು ಸದಸ್ಯ ಬಾಂಧವರೂ ಸಿಬ್ಬಂದಿಯೂ ತಿಳಿದಿರುವುದು ಅಗತ್ಯ.

ಮೊದಲನೆಯದು, ಹಲವು ಎಕ್ಸ್‌ಟೆನ್ಶನ್‌ಗಳಿರುವ ಕಚೇರಿಗೆ ಸಂಬಂಧಿಸಿದ್ದು. ಇಂಥಲ್ಲಿ ಹೊರಗಿನ ಲೈನು ಹಿಡಿಯಲು ಮೊದಲು 9 ಅಥವಾ 0 ಒತ್ತುವ ಪದ್ಧತಿ ಉಂಟು. "ನಾನು ಟೆಲಿಫೋನಿನವನು, ಲೈನು ಪರೀಕ್ಷಿಸುತ್ತಿದ್ದೇನೆ. 9, 0, # ಒತ್ತಿ ಫೋನ್ ಇಡಿ" ಎನ್ನುತ್ತಾನೆ ಅಪರಿಚಿತ. ಕೆಲವು ಯಂತ್ರಗಳಲ್ಲಿ ಹಾಗೆ ಮಾಡಿದೊಡನೆ ಕಚೇರಿಯ ಹೊರ ಲೈನು ಅವನ ಕೈಸೇರುತ್ತದೆ. ಅವನು ದೂರದೇಶಕ್ಕೆ ಮಾತನಾಡಿದ ಬಿಲ್ಲು ಕಚೇರಿಗೆ ಬರುತ್ತದೆ.

ಎರಡನೆಯದು ಮೊಬೈಲಿಗೆ ಸಂಬಂಧಿಸಿದ್ದು. "ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಖಚಿತಪಡಿಸಲು *21* ಒತ್ತಿ ಈ ನಂಬರು ಹಾಕಿ" ಎನ್ನುತ್ತಾರೆ. ಹಾಕಿದರೆ ನಮಗೆ ಬರಬೇಕಾದ ಕರೆಗಳೆಲ್ಲ ಅವರಿಗೆ ಹೋಗುತ್ತವೆ. ಕರೆಯ ಮೂಲಕ ಹೇಳುವ ಓಟಿಪಿಯೂ ಅವರ ಕಿವಿಗೇ ಬೀಳುತ್ತದೆ. ಅದರಿಂದ ನಮ್ಮ ವಾಟ್ಸಾಪನ್ನು ವಶಪಡಿಸಿಕೊಂಡು, ಸಂಘದ ಹೆಸರಿನಲ್ಲಿಯೇ ಸದಸ್ಯರಿಂದ ಹಣ ಕೇಳಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯು 2024ರ ಜನವರಿಯಲ್ಲಿ *401# ಸಂಕೇತದ ಬಗ್ಗೆ ಎಚ್ಚರಿಕೆ ನೀಡಿತು. ಇಂಥ ಸಂಕೇತಗಳಿಂದ ಕರೆ ತಿರುಗಿಸುವ ಸೌಲಭ್ಯವನ್ನು ಅದೇ ವರ್ಷದ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಆದರೂ ಮೋಸಗಾರರು ಪ್ರಯತ್ನ ಬಿಟ್ಟಿಲ್ಲ.

ಕೈಗೊಳ್ಳಬೇಕಾದ ಕ್ರಮಗಳು:

1. ಕರೆ ಮಾಡಿದವರು ಯಾರೇ ಆಗಲಿ, ಅವರು ಹೇಳಿದ ಅಂಕಿಗಳನ್ನು ಒತ್ತಕೂಡದು. ಫೋನ್ ಇಟ್ಟು, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ನಾವೇ ಕರೆ ಮಾಡಿ ವಿಚಾರಿಸಬೇಕು.

2. ಹೊರಗಿನಿಂದ ಬಂದ ಕರೆಯನ್ನು ಮತ್ತೆ ಹೊರ ಲೈನಿಗೆ ಜೋಡಿಸುವ ಸೌಲಭ್ಯವನ್ನು ಯಂತ್ರ ಕೂಡಿಸಿದವರಿಂದ ಮುಚ್ಚಿಸಬೇಕು. ಯಂತ್ರದೊಂದಿಗೆ ಬಂದ ಗುಪ್ತಸಂಖ್ಯೆಯನ್ನು ಬದಲಿಸಬೇಕು. ಅಗತ್ಯವಿಲ್ಲದಿದ್ದರೆ ಐ.ಎಸ್.ಡಿ. ಸೌಲಭ್ಯಕ್ಕೂ ತಡೆ ಹಾಕಿಸಬೇಕು.

3. ಮೊಬೈಲಿನಲ್ಲಿ *#21# ಒತ್ತಿದರೆ ಕರೆಗಳು ಬೇರೆಡೆ ತಿರುಗಿವೆಯೇ ಎಂಬುದು ತಿಳಿಯುತ್ತದೆ. ಎಲ್ಲ ತಿರುವುಗಳನ್ನೂ ರದ್ದುಮಾಡಲು ##002# ಒತ್ತಬೇಕು. ಕೆಲಸ ಮಾಡದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಇಲ್ಲವೇ ಕಂಪನಿಯವರನ್ನು ಕೇಳಿ.

4. ವಾಟ್ಸಾಪಿನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟುಕೊಳ್ಳಬೇಕು.

5. ಹಣ ಹೋದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಸಂಘದ ಹೆಸರಿನಲ್ಲಿ ಹೊಸ ಖಾತೆಗೆ ಹಣ ಹಾಕಿರೆಂದು ಸಂದೇಶ ಬಂದರೆ, ಕಚೇರಿಗೆ ಖುದ್ದಾಗಿ ಬಂದು ಕೇಳಿದ ನಂತರವೇ ಮುಂದುವರಿಯಿರಿ. ಸಂದೇಶ ಬಂದ ನಂಬರಿಗೆ ತಿರುಗಿ ಕರೆ ಮಾಡಿದರೆ ಅದೂ ಮೋಸಗಾರನಿಗೇ ಹೋದೀತು. ಕೊಳೆರೋಗ ಹತ್ತಿದ ಮೇಲೆ ಪರದಾಡುವುದಕ್ಕಿಂತ ಮಳೆಗೆ ಮುಂಚೆ ಬೋರ್ಡೋ ಸಿಂಪಡಿಸುವುದೇ ಲೇಸಲ್ಲವೇ? ಇದೂ ಹಾಗೆಯೇ.