ಚಿತ್ರದ ವೇಳೆಯನ್ನು ಹೇಳುವ ನೆರಳು

ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗುವುದುಂಟು. 2019ರ ಆಗಸ್ಟಿನಲ್ಲಿಯೂ ಹಾಗಾಯಿತು. ಇಂಥ ದಿನಗಳಲ್ಲಿ ಟಿ.ವಿ. ವಾಹಿನಿಯ ಕ್ಯಾಮೆರಾಕ್ಕಿಂತ ಮೊದಲೇ ಯಾದಗಿರಿ, ಸುರಪುರಗಳ ಪ್ರೇಕ್ಷಕರ ಮೊಬೈಲುಗಳು ಚಿತ್ರ ಸೆರೆಹಿಡಿದಿರುತ್ತವೆ. ಅವುಗಳೊಡನೆ ಹಳೆಯ ಚಿತ್ರವೊಂದು ಪ್ರಸಾರವಾದರೆ, ಮುಳುಗಿದ ಸೇತುವೆ ತೆರೆದಿದೆಯೆಂದು ನಂಬಿ ಜನರು ನೀರಿಗಿಳಿದಾರು.

ಮೂಲ ಕಡತದಲ್ಲಿ ದಿನಾಂಕ, ವೇಳೆ ದಾಖಲಾಗಿರುತ್ತವೆ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಿಂದ ಕಳುಹಿಸಿದ ಚಿತ್ರದಲ್ಲಿ ಅವು ಉಳಿಯುವುದಿಲ್ಲ. ಆಗ ಸಂಪಾದಕನಿಗೆ ನೆರವಾಗುವುದು ನೆರಳು.

ಶಹಾಪುರ ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆಗಸ್ಟ್ ಮೊದಲ ವಾರದಲ್ಲಿ ಸೂರ್ಯನೂ ಸಮಭಾಜಕದಿಂದ ಸುಮಾರು ಅಷ್ಟೇ ಉತ್ತರಕ್ಕಿರುತ್ತಾನೆ. ಆದಕಾರಣ ಅಲ್ಲಿನ ನಡುಹಗಲಿನಲ್ಲಿ, ಎಂದರೆ ಗಡಿಯಾರದ ಹನ್ನೆರಡೂವರೆಯ ಸುಮಾರಿಗೆ, 5 ಮೀಟರ್ ಕಂಬದ ನೆರಳು ಗೇಣುದ್ದವೂ ಆಗದು. ಅಕ್ಟೋಬರ್ 15ರ ನಡುಹಗಲಿನಲ್ಲಾದರೋ ಅದೇ ನೆರಳು ಉತ್ತರಕ್ಕೆ ಸುಮಾರು 2.3 ಮೀಟರ್ ಚಾಚುತ್ತದೆ. ಯಾದಗಿರಿಯ ಬಳಿ ಭೀಮಾನದಿ ಉಕ್ಕಿದ್ದು 2020ರ ಅಕ್ಟೋಬರಿನಲ್ಲಿ; ಅಂದಿನ ನಡುಹಗಲಿನ ಚಿತ್ರವನ್ನು ಆಗಸ್ಟಿನದೆಂದು ಕಳುಹಿಸಿದರೆ ಕಂಬವೇ ಅಲ್ಲಗಳೆಯುತ್ತದೆ.

ಪ್ರವಾಹದ ದಿನ ಬಿಸಿಲೆಲ್ಲಿಯದು ಎಂದು ವಾಚಕರು ಕೇಳಬಹುದು. ಕೃಷ್ಣೆ ಇಲ್ಲಿ ಉಕ್ಕುವುದು ಬಹುಪಾಲು ಸಹ್ಯಾದ್ರಿಯ ಮಳೆಯಿಂದ. ಶಹಾಪುರದಲ್ಲಿ ಬಿಸಿಲು ಕಾಯುತ್ತಿರುವಾಗಲೂ ಸೇತುವೆಯ ಮೇಲೆ ನೀರು ಹರಿಯಬಹುದು.

ಆದರೆ ನೆರಳು ವರ್ಷವನ್ನು ಹೇಳಲಾರದು. 2019ರ ಆಗಸ್ಟ್ 6ರ ನೆರಳಿಗೂ ಇನ್ನೊಂದು ವರ್ಷದ ಅದೇ ದಿನದ ನೆರಳಿಗೂ ಕಣ್ಣಿಗೆ ಕಾಣುವ ಭೇದವಿಲ್ಲ. ಅದಕ್ಕಾಗಿ ಕಳುಹಿಸಿದವರಿಗೆ ಕರೆಮಾಡಿ, ನಿಂತಲ್ಲಿಂದಲೇ ಮತ್ತೊಂದು ಚಿತ್ರವನ್ನು ಕೇಳಬೇಕು. ಅಂದು ಜಲಾಶಯದಿಂದ ಹೊರಬಿಟ್ಟ ನೀರಿನ ಪ್ರಮಾಣವನ್ನೂ ತಾಳೆ ನೋಡಬೇಕು.